ಒಂಟಿ ಪಾಲಿಸಿ

ಫೆಬ್ರವರಿ 6

ಮಾವನವರಿಗೆ,

ನೀವು, ಅತ್ತೆ, ಕ್ಲಿನಿಕ್ಕಿನ ಮೂರು ಕಾಲಿನ ನಾಯಿ ಎಲ್ಲರೂ ಚೆನ್ನಾಗಿದ್ದೀರೆಂದು ಭಾವಿಸುತ್ತೇನೆ. ಫೋನಿನಲ್ಲೇ ಕೇಳಬಹುದಿತ್ತು. ಆದರೆ ಫೋನಿನಲ್ಲಿ ನೀವು ಎಲ್ಲದಕ್ಕೂ ‘ಹಾಂ, ಹಾಂ’ ಎಂದು, ಇಟ್ಟ ಮೇಲೆ ‘ಏನಂದಳು?’ ಎಂದು ಅತ್ತೆಯನ್ನು ಕೇಳುತ್ತೀರಿ. ಈ ವಿಷಯ ಹಾಗಾಗುವುದು ಬೇಡ.

ನನ್ನೊಬ್ಬಳ ಹೆಸರಿನಲ್ಲಿ ಆರೋಗ್ಯ ವಿಮೆ ಮಾಡಿಸಬೇಕಾಗಿದೆ. ಇಷ್ಟು ವರ್ಷ ನಿಮ್ಮ ಮಗನ ಆಫೀಸಿನ ಪಾಲಿಸಿಯಲ್ಲೇ ನನ್ನ ಹೆಸರೂ ಇತ್ತು. ಈ ವರ್ಷ ಅಲ್ಲೇನೋ ನಿಯಮ ಬದಲಾಗುತ್ತಿದೆ. ನನಗೆ ಬೇರೆ ಆಫೀಸಿಲ್ಲ. ಗೋಡೆಗೆ ಚಿತ್ರ ಬರೆಯುವವಳಿಗೆ ತಾನೇ ಯಜಮಾನಿ, ತಾನೇ ಆಳು. ಯಜಮಾನಿ ಆಳಿಗೆ ಇದುವರೆಗೆ ಒಂದು ಕೆಮ್ಮಿನ ಔಷಧಿಯನ್ನೂ ಕೊಡಿಸಿಲ್ಲ.

ನೀವು ಮೂವತ್ತು ವರ್ಷ ಹಸು ಎಮ್ಮೆಗಳ ವಿಮೆಗೆ ಸರ್ಟಿಫಿಕೇಟು ಬರೆದವರು. ಕಂಪನಿಗಳ ಒಳಗುಟ್ಟು ನಿಮಗೆ ತಿಳಿದಿರುತ್ತದೆ ಎಂದು ಕೇಳುತ್ತಿದ್ದೇನೆ.

ಮೂರು ಕಂಪನಿಗಳ ಪುಸ್ತಿಕೆ ತಂದಿಟ್ಟುಕೊಂಡಿದ್ದೇನೆ. ಒಬ್ಬ ಏಜೆಂಟರು ಬಂದಿದ್ದರು. ಏನು ಕೇಳಿದರೂ ‘ಖಂಡಿತ’ ಎನ್ನುತ್ತಾರೆ. ನಾನು ಅವರಿಗೆ ಖಂಡಿತ ಸಾಹೇಬರು ಎಂದೇ ಹೆಸರಿಟ್ಟಿದ್ದೇನೆ. ಕೆಲಸ ಏನೆಂದು ಕೇಳಿದರು. ಹೇಳಿದೆ. ‘ಎಷ್ಟು ಅಡಿ ಮೇಲೆ ಹತ್ತೀರಿ?’ ಎಂದರು. ‘ಗೋಡೆ ಎಷ್ಟಿರುತ್ತೋ ಅಷ್ಟು’ ಎಂದೆ. ಪಾಪ, ಅದಕ್ಕೆ ಅವರ ಪಟ್ಟಿಯಲ್ಲಿ ಜಾಗವಿರಲಿಲ್ಲ.

ಓದುತ್ತಾ ಹೋದರೆ ಇದು ಬೇರೆಯೇ ಲೋಕ ಮಾವ. ಆಸ್ಪತ್ರೆ ಎಂದರೇನು, ದಿನ ಎಂದರೇನು, ಎಲ್ಲಕ್ಕೂ ಅರ್ಥ ಬರೆದಿದ್ದಾರೆ. ಅಪಘಾತ ಎಂದರೆ ಹಠಾತ್ತಾಗಿ, ಹೊರಗಿನಿಂದ, ಕಣ್ಣಿಗೆ ಕಾಣುವಂತೆ ಆಗಬೇಕಂತೆ. ನಿಧಾನವಾಗಿ ಒಳಗೊಳಗೇ ಆದದ್ದಕ್ಕೆ ಏನನ್ನುತ್ತಾರೋ, ಇನ್ನೂ ಆ ಪುಟಕ್ಕೆ ಬಂದಿಲ್ಲ.

ಉತ್ತರವನ್ನು ನನ್ನ ಕೆಲಸದ ಕೋಣೆಯ ವಿಳಾಸಕ್ಕೆ ಬರೆಯಿರಿ, ಸೈಕಲ್ ರಿಪೇರಿ ಅಂಗಡಿಯ ಮೇಲಿನದು. ಮನೆಯಲ್ಲಿ ಹಗಲು ಯಾರೂ ಇರುವುದಿಲ್ಲ, ಅಂಚೆಯವರು ವಾಪಸು ಹೋಗುತ್ತಾರೆ.

ನಿಮ್ಮ ಸೊಸೆ


ಫೆಬ್ರವರಿ 15

ಏಣಿ ಹತ್ತುವ ಸೊಸೆಗೆ,

ನಿನ್ನ ಕಾಗದ ಬಂದ ದಿನ ನಾನು ಒಂದು ಬೆಕ್ಕಿನ ಹಲ್ಲು ಕೀಳುತ್ತಿದ್ದೆ. ಬೆಕ್ಕಿನ ಒಡತಿಯೇ ಓದಿ ಹೇಳುತ್ತೇನೆಂದಳು. ಬೇಡ, ಇದು ಮನೆಯ ವಿಷಯ ಎಂದು ಜೇಬಿಗೆ ಹಾಕಿಕೊಂಡೆ. ಮಧ್ಯಾಹ್ನ ನಿಮ್ಮ ಅತ್ತೆಯೂ ನಾನೂ ಎರಡೆರಡು ಸಲ ಓದಿದೆವು.

ಹಸುವಿನ ವಿಮೆ ಸುಲಭ. ಹಲ್ಲು ನೋಡಿ ವಯಸ್ಸು ಬರೆಯುತ್ತಿದ್ದೆ, ಕೆಚ್ಚಲು ಮುಟ್ಟಿ ನೋಡುತ್ತಿದ್ದೆ, ಕಿವಿಗೆ ನಂಬರಿನ ಬಿಲ್ಲೆ ಹೊಡೆಯುತ್ತಿದ್ದೆ. ‘ನಿಮ್ಮಜ್ಜಿಗೆ ಸಕ್ಕರೆ ಕಾಯಿಲೆ ಇತ್ತೇ?’ ಎಂದು ಯಾವ ಹಸುವನ್ನೂ ಯಾರೂ ಕೇಳಲಿಲ್ಲ. ನೀನು ಮನುಷ್ಯಳಾಗಿ ಹುಟ್ಟಿದ್ದರಿಂದ ಇಷ್ಟು ತಾಪತ್ರಯ.

ಆದರೆ ಎರಡಕ್ಕೂ ಸೇರುವ ಒಂದು ಮಾತಿದೆ. ಏನನ್ನೂ ಮುಚ್ಚಿಡಬಾರದು. ಕುಂಟುವ ಎತ್ತನ್ನು ಹುಲ್ಲಿನ ರಾಶಿಯ ಹಿಂದೆ ನಿಲ್ಲಿಸಿ ತೋರಿಸಿದವರನ್ನು ಕಂಡಿದ್ದೇನೆ. ಪಾಲಿಸಿ ಸಿಗುತ್ತದೆ, ಬೇಕಾದಾಗ ಮಾತ್ರ ಕೈಕೊಡುತ್ತದೆ. ಹೋದ ವರ್ಷ ಸ್ಕ್ಯಾನಿನಲ್ಲಿ ಪಿತ್ತಕೋಶದಲ್ಲಿ ಕಲ್ಲಿದೆ ಎಂದಿದ್ದರಲ್ಲ, ಅದನ್ನು ನಿನ್ನ ಖಂಡಿತ ಸಾಹೇಬರಿಗೆ ಹೇಳಿದೆಯಾ?

ಒಂದು ವಿಷಯ ಮಾತ್ರ ಬಗೆಹರಿಯಲಿಲ್ಲ. ಗುಮಾಸ್ತರನ್ನು ಕೈಬಿಡುವ ಆಫೀಸು ಕೇಳಿದ್ದೇನೆ. ಗುಮಾಸ್ತನನ್ನು ಇಟ್ಟುಕೊಂಡು ಅವನ ಹೆಂಡತಿಯನ್ನು ಮಾತ್ರ ಬಿಡುವ ಆಫೀಸು ಯಾವುದದು? ಕುತೂಹಲಕ್ಕೆ ಕೇಳಿದೆ. ಬಿಡುವಾದಾಗ ಬರೆ.

ಮಾವ


ಫೆಬ್ರವರಿ 24

ಮಾವನವರಿಗೆ,

ಕಲ್ಲಿನ ವಿಷಯ ಹೇಳಿದೆ. ಖಂಡಿತ ಸಾಹೇಬರು ಮೊದಲ ಬಾರಿಗೆ ‘ಖಂಡಿತ’ ಎನ್ನಲಿಲ್ಲ. ‘ಕಾಯುವ ಅವಧಿ ಇರುತ್ತೆ ಮೇಡಂ’ ಎಂದರು. ಹೊಸದಾಗಿ ಪಾಲಿಸಿ ಕೊಂಡವರ ಕಲ್ಲಿಗೆ ಎರಡು ವರ್ಷ ಏನೂ ಕೊಡುವುದಿಲ್ಲವಂತೆ. ಅಲ್ಲಿಯವರೆಗೆ ಕಲ್ಲು ಸುಮ್ಮನಿರಬೇಕು. ಅದಕ್ಕೆ ಯಾರು ಹೇಳುವುದು?

ಕಂಪನಿಯವರ ತಪಾಸಣೆಗೂ ಹೋಗಿ ಬಂದೆ. ಗಾಜಿನ ಬಾಗಿಲು, ಒಳಗೆ ಸಾಲಾಗಿ ಪ್ಲಾಸ್ಟಿಕ್ ಕುರ್ಚಿ, ಗೋಡೆಗೆ ಕಸದ ಬುಟ್ಟಿಯ ಹಸಿರು ಬಣ್ಣ. ಆ ಬಣ್ಣ ಆರಿಸಿದವರನ್ನು ನೋಡಬೇಕು ಅನ್ನಿಸಿತು. ನನ್ನಂತೆ ಒಬ್ಬೊಬ್ಬರೇ ಪಾಲಿಸಿ ಮಾಡಿಸಲು ಬಂದವರು ಆರೇಳು ಜನ. ಪಕ್ಕದಲ್ಲಿ ಮದುವೆ ಮನೆಗಳಲ್ಲಿ ಹಾಡುವ ಹೆಂಗಸೊಬ್ಬರು, ಆಚೆ ಕಡೆ ಬೀಗ ರಿಪೇರಿಯವರು. ಯಾರ ಬೆನ್ನ ಹಿಂದೆಯೂ ಆಫೀಸಿಲ್ಲ. ಹಾಡುವವರು ತಮ್ಮ ಗಂಟಲಿಗೆ ವಿಮೆ ಸಿಗುವುದೇ ಎಂದು ಕೇಳಿದರಂತೆ, ಬರೀ ಗಂಟಲಿಗೆ ಕೊಡುವುದಿಲ್ಲ, ಸುತ್ತಲಿನ ಮನುಷ್ಯನನ್ನೂ ಸೇರಿಸಬೇಕು ಎಂದರಂತೆ. ನಾವಿಬ್ಬರೂ ತುಂಬಾ ಹೊತ್ತು ನಕ್ಕೆವು. ರಕ್ತ ತೆಗೆಯುವಾಗಲೂ ನಗುತ್ತಿದ್ದೆ, ನರ್ಸು ಬೈದರು.

ಈಜುಕೊಳದ ಕಟ್ಟಡಕ್ಕೆ ದೊಡ್ಡ ಚಿತ್ರ ಒಪ್ಪಿಕೊಂಡಿದ್ದೇನೆ. ಅತ್ತೆಯ ಮಂಡಿ ನೋವು ಹೇಗಿದೆ?

ನಿಮ್ಮ ಸೊಸೆ


ಮಾರ್ಚ್ 4

ಏಣಿ ಹತ್ತುವ ಸೊಸೆಗೆ,

ಅತ್ತೆಯ ಮಂಡಿ ಮೆಟ್ಟಿಲಿನ ಮುಂದೆ ನೋಯುತ್ತದೆ, ಸಂತೆಯ ಮುಂದೆ ನೋಯುವುದಿಲ್ಲ.

ನಿನ್ನ ಕಲ್ಲನ್ನು ಹಿಡಿದುಕೊಂಡು ನಾನು ಒಬ್ಬರ ಮನೆಗೆ ಹೋಗಿದ್ದೆ. ಹಿಂದೆ ವಿಮೆ ಕಂಪನಿಯಿಂದ ಸತ್ತ ಹಸುಗಳ ಕಿವಿ ಬಿಲ್ಲೆ ವಸೂಲು ಮಾಡಲು ಬರುತ್ತಿದ್ದರಲ್ಲ, ಆ ಬಿಲ್ಲೆ ಆಫೀಸರು. ಈಗ ನಿವೃತ್ತರು, ಗುಲಾಬಿ ಬೆಳೆಸುತ್ತಿದ್ದಾರೆ. ಕೇಳಿದ ಕೂಡಲೇ ಕತ್ತರಿ ಕೆಳಗಿಟ್ಟು, ‘ಆ ಹುಡುಗಿ ಹೊಸಾ ಪಾಲಿಸಿ ಯಾಕೆ ಕೊಳ್ತಾಳೆ ಡಾಕ್ಟ್ರೇ? ಗಂಡನ ಆಫೀಸಿಗೆ ಪಾಲಿಸಿ ಕೊಟ್ಟಿರೋ ಕಂಪನಿಯಲ್ಲೇ ಒಂಟಿ ಪಾಲಿಸಿಗೆ ಬದಲಾಯಿಸ್ಕೊಳ್ಳಲಿ. ಕಳೆದ ವರ್ಷಗಳೆಲ್ಲಾ ಲೆಕ್ಕಕ್ಕೆ ಬರುತ್ತೆ, ಕಲ್ಲು ಕಾಯಬೇಕಾಗಿಲ್ಲ’ ಎಂದರು.

ಒಂದೇ ಷರತ್ತು. ಆಫೀಸಿನ ಪಾಲಿಸಿಯಲ್ಲಿ ನಿನ್ನ ಹೆಸರು ಇರುವಾಗಲೇ ಅರ್ಜಿ ಹಾಕಬೇಕು. ಹೆಸರು ಹೋದ ಮೇಲೆ ದಾರಿ ಮುಚ್ಚುತ್ತದೆ. ಆಫೀಸಿನ ಪಾಲಿಸಿ ಏಪ್ರಿಲ್ ಕೊನೆಗೆ ಮುಗಿಯುತ್ತದೆ ಎಂದು ನನಗೆ ನೆನಪು. ಇಷ್ಟು ವರ್ಷ ಹೆಸರಿತ್ತು ಎಂದು ಮಗನ ಆಫೀಸಿನಿಂದ ಒಂದು ಕಾಗದ ಬೇಕು. ಅವನಿಗೆ ಹೇಳು, ತರುತ್ತಾನೆ.

ಇನ್ನೊಂದು ಮಾತು. ನಾನು ಕೇಳಿದ ಪ್ರಶ್ನೆಗೆ ನೀನು ಹಾಡುವವರ ಕಥೆ ಹೇಳಿದೆ. ನನಗೆ ಅರ್ಥವಾಯಿತು ಎಂದುಕೊಂಡಿದ್ದೇನೆ. ಅವನಿಗೆ ಕೆಲಸ ಹೋಗಿದ್ದರೆ ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಎರಡು ತಿಂಗಳಿಂದ ಅವನು ಫೋನಿನಲ್ಲಿ ‘ಎಲ್ಲಾ ಸರಿಯಿದೆ’ ಎನ್ನುವುದು ಒಂದೇ ರಾಗದಲ್ಲಿದೆ. ನಮ್ಮಲ್ಲಿ ಮೇಲಿನ ಕೋಣೆ ಖಾಲಿ ಇದೆ. ಬೇಕೆಂದಾಗ ಇಬ್ಬರೂ ಬಂದು ಇರಿ.

ಮಾವ


ಮಾರ್ಚ್ 13

ಮಾವನವರಿಗೆ,

ಬಿಲ್ಲೆ ಆಫೀಸರಿಗೆ ನನ್ನ ನಮಸ್ಕಾರ ತಿಳಿಸಿ. ಅವರು ಹೇಳಿದ್ದು ಪುಸ್ತಿಕೆಯಲ್ಲೂ ಇದೆ. ಎಲ್ಲರೂ ಹಾರಿಸುವ ಪುಟದಲ್ಲಿದೆ, ನಾನೂ ಹಾರಿಸಿದ್ದೆ.

ಆದರೆ ಆ ಕಾಗದ ಕೇಳುವುದು ನನಗೆ ಈಗ ಅಷ್ಟು ಸುಲಭವಲ್ಲ. ನಿಮ್ಮ ಊಹೆಯ ಬಗ್ಗೆ ನಾನೇನೂ ಬರೆಯುವುದಿಲ್ಲ. ದಯವಿಟ್ಟು ನಿಮ್ಮ ಮಗನನ್ನೂ ಕೇಳಬೇಡಿ. ಹೊಸ ಪಾಲಿಸಿಯನ್ನೇ ಕೊಳ್ಳುತ್ತೇನೆ. ಕಲ್ಲು ಇದುವರೆಗೆ ಎರಡೇ ಸಲ ತಲೆ ಎತ್ತಿದೆ. ಎಣ್ಣೆ ಪದಾರ್ಥ ಬಿಟ್ಟಿದ್ದೇನೆ.

ಈಜುಕೊಳದ ಗೋಡೆಯ ಹಳೆ ಸುಣ್ಣ ಕೆರೆದು ಮುಗಿಯಿತು. ಕೆಳಗೆ ನಿಂತವರಿಗೆ ಸರಿಯಾಗಿ ಕಾಣಬೇಕಾದರೆ ಮೇಲಿನ ತಲೆಯನ್ನು ದೊಡ್ಡದಾಗಿ ಬರೆಯಬೇಕು. ಹತ್ತಿರದಿಂದ ನೋಡಿದರೆ ವಿಕಾರ, ದೂರದಿಂದ ಸರಿ. ಇದನ್ನು ಕಲಿಯಲು ನನಗೆ ಹತ್ತು ವರ್ಷ ಬೇಕಾಯಿತು.

ಸೊಸೆ


ಏಪ್ರಿಲ್ 9

ಏಣಿ ಹತ್ತುವವಳಿಗೆ,

ಹೊಸ ಪಾಲಿಸಿಗೆ ಹಣ ಕಟ್ಟಬೇಡ. ಕಟ್ಟಿದ್ದರೆ ವಾಪಸು ಕೇಳು, ಮೊದಲ ಕೆಲವು ದಿನಗಳಲ್ಲಿ ಕೊಡುತ್ತಾರೆ.

ಆಫೀಸಿನ ಕಾಗದ ನಿನ್ನ ಕೋಣೆಗೆ ಅಂಚೆಯಲ್ಲಿ ಬರುತ್ತದೆ. ಅರ್ಜಿಯ ಜೊತೆ ಲಗತ್ತಿಸಿ ಈ ತಿಂಗಳೊಳಗೆ ಕೊಡು. ಹೇಗೆ ಬಂತೆಂದು ಯೋಚಿಸಬೇಡ.

ಇಲ್ಲಿ ಬಿಸಿಲು ಹೆಚ್ಚು.

ಮಾವ


ಏಪ್ರಿಲ್ 17

ಮಾವನವರಿಗೆ,

ಕಾಗದ ಬಂತು. ಆಫೀಸಿನ ಮುದ್ರೆ, ಕೆಳಗೆ ನಿಮ್ಮ ಮಗನ ಸಹಿ. ಜೊತೆಗೆ ಒಂದು ಸಾಲೂ ಇರಲಿಲ್ಲ. ನನ್ನ ಹೆಸರು ತೆಗೆಸಲು ಇಷ್ಟು ಅವಸರವೇ ಎಂದು ಮೊದಲು ಅನ್ನಿಸಿತು. ಆಮೇಲೆ ನಿಮ್ಮ ಪತ್ರ ತೆಗೆದು ಮತ್ತೆ ನೋಡಿದೆ. ಐದಾರು ಸಾಲು. ಒಂದು ನಾಯಿಯಿಲ್ಲ, ಬೆಕ್ಕಿಲ್ಲ, ಅತ್ತೆಯ ಮಂಡಿಯಿಲ್ಲ. ಮೇಲೆ ‘ಸೊಸೆ’ ಎಂಬ ಮಾತಿಲ್ಲ. ಅವರು ನಿಮಗೆ ಹೇಳಿದ್ದಾರೆ, ನಿಮಗೆ ನನ್ನ ಮೇಲೆ ಕೋಪ ಬಂದಿದೆ ಎಂದು ತಿಳಿಯಿತು. ಕೋಪ ಬರಬೇಕಾದ್ದೇ. ಮೂರು ಪತ್ರ ಬರೆದು ಮುಖ್ಯ ಮಾತನ್ನೇ ಬಿಟ್ಟೆ.

ಯಾವ ನಿಯಮವೂ ಬದಲಾಗಿಲ್ಲ. ನಿಮ್ಮ ಮಗನ ಕೆಲಸಕ್ಕೆ ಏನೂ ಆಗಿಲ್ಲ. ಡಿಸೆಂಬರಿನಲ್ಲಿ ನಾನು ಮನೆ ಬಿಟ್ಟು ಈ ಕೋಣೆಗೆ ಬಂದೆ. ಜನವರಿಯಲ್ಲಿ ಇಬ್ಬರೂ ಸೇರಿ ವಿಚ್ಛೇದನಕ್ಕೆ ಕೋರ್ಟಿಗೆ ಅರ್ಜಿ ಹಾಕಿದ್ದೇವೆ.

ಏನಾಯಿತು ಎಂದು ನೀವು ಕೇಳಿದರೆ ನನ್ನ ಹತ್ತಿರ ಒಳ್ಳೆಯ ಉತ್ತರವಿಲ್ಲ. ಅವರು ಕುಡಿಯಲಿಲ್ಲ, ಹೊಡೆಯಲಿಲ್ಲ, ಬೇರೆ ಯಾರೂ ಇರಲಿಲ್ಲ. ಒಮ್ಮೆ ನಾನು ಹೊರ ಊರಿನ ಕೆಲಸ ಮುಗಿಸಿ ಬಂದಾಗ ಅವರು ಹೇಳಿದರು, ‘ನೀನಿಲ್ಲದಾಗ ಮನೆ ನಿಶ್ಶಬ್ದವಾಗಿರುತ್ತೆ ಅಂದ್ಕೊಂಡಿದ್ದೆ. ನೀನು ಬಂದ ಮೇಲೂ ಹಾಗೇ ಇದೆಯಲ್ಲ.’ ಬೇಸರದಿಂದ ಹೇಳಲಿಲ್ಲ, ಆಶ್ಚರ್ಯದಿಂದ ಹೇಳಿದರು. ನನಗೂ ಆಶ್ಚರ್ಯವೇ ಆಯಿತು. ಅಂದಿನಿಂದ ಇಬ್ಬರೂ ಅದನ್ನು ಸುಳ್ಳು ಮಾಡಲು ನೋಡಿದೆವು. ಮಾತಾಡಿದಷ್ಟೂ ಅದು ನಿಜವಾಯಿತು.

ಅವರನ್ನು ಏನನ್ನೂ ಕೇಳಬಾರದು ಎಂದು ಹಟ ಮಾಡಿದ್ದೆ. ಅವರ ಆಫೀಸಿನ ನೆರಳು ಬೇಡ, ನನ್ನ ಕೊಡೆ ನನಗೆ ಸಾಕು ಎಂದು. ನಿಮಗೆ ಬರೆದದ್ದು ವಿಮೆಗೆ ಮಾತ್ರ ಅಲ್ಲ. ಇನ್ನು ಮುಂದೆ ನಿಮಗೆ ಬರೆಯಲು ನನಗೆ ಯಾವ ನೆಪವಿರುತ್ತದೆ ಎಂದು ಯೋಚಿಸಿ, ಸಿಕ್ಕ ನೆಪವನ್ನು ಹಿಡಿದುಕೊಂಡೆ. ಅತ್ತೆಗೆ ನೀವೇ ಹೇಳಿ. ನನಗೆ ಧೈರ್ಯವಿಲ್ಲ.

ಈ ಪತ್ರದ ಕೆಳಗೆ ಏನೆಂದು ಸಹಿ ಮಾಡಲಿ, ತಿಳಿಯಲಿಲ್ಲ.


ಏಪ್ರಿಲ್ 23

ಮಗಳೇ,

ನಾನು ಕೋಪದಿಂದ ಬರೆಯಲಿಲ್ಲ. ಬರೆಯಲು ಕೂತು ‘ಸೊಸೆಗೆ’ ಎನ್ನುವಲ್ಲಿ ನಿಂತುಬಿಟ್ಟೆ. ಹಾಗೆ ಕರೆಯುವುದು ನಿನಗೀಗ ಭಾರವಾಗುತ್ತದೋ ಏನೋ ಎಂದು ಅನುಮಾನವಾಯಿತು. ಅದು ಬಿಟ್ಟ ಮೇಲೆ ನಾಯಿ ಬೆಕ್ಕಿನ ಮಾತೂ ಬರಲಿಲ್ಲ.

ಕಾಗದ ಹೇಗೆ ಬಂತೆಂದು ಹೇಳುತ್ತೇನೆ. ಮಗನಿಗೆ ಕೆಲಸ ಹೋಗಿದೆ ಎಂದು ನಾನು ನಿಶ್ಚಯ ಮಾಡಿಕೊಂಡಿದ್ದೆನಲ್ಲ, ಏಪ್ರಿಲ್ ಮೊದಲ ವಾರ ತಿಳಿಸದೆ ಬಸ್ಸು ಹತ್ತಿದೆ. ಭಾನುವಾರ. ಬಾಗಿಲು ತೆಗೆದವನು ‘ಅಪ್ಪಾ, ಒಂದು ಫೋನ್ ಮಾಡಬಾರದಿತ್ತಾ’ ಎಂದ. ಒಳಗೆ ಬಂದು ಕೂತೆ. ಬಾಲ್ಕನಿಯಲ್ಲಿ ನಿನ್ನ ಏಣಿ ಒರಗಿಸುತ್ತಿದ್ದ ಜಾಗದಲ್ಲಿ ಗೋಡೆ ಎರಡು ಗೀರು ಬಿಳಿಯಾಗಿತ್ತು. ಒಗೆದ ಬಟ್ಟೆ ಒಬ್ಬನದೇ ಇತ್ತು. ಪ್ರಾಣಿಗಳು ಬಾಯಿ ಬಿಟ್ಟು ಹೇಳುವುದಿಲ್ಲ, ನೋಡಿ ತಿಳಿಯುವುದೇ ನನ್ನ ಕಸುಬು. ಆದರೂ ನೋಡಲು ಬಸ್ಸಿನಲ್ಲಿ ಹೋಗಬೇಕಾಯಿತು. ನಿಮ್ಮ ಅತ್ತೆ ನಿನ್ನ ಮೊದಲ ಪತ್ರ ಓದಿದ ದಿನವೇ ‘ಇವರಿಬ್ಬರದು ಏನೋ ಸರಿ ಇಲ್ಲ’ ಎಂದಿದ್ದಳು. ‘ನಿನಗೆ ಎಲ್ಲದರಲ್ಲೂ ಹುಳುಕೇ ಕಾಣ್ಸುತ್ತೆ’ ಎಂದು ನಾನೇ ಬಾಯಿ ಮುಚ್ಚಿಸಿದ್ದೆ. ಈಗ ದಿನಕ್ಕೆರಡು ಸಲ ಕೇಳಿಸಿಕೊಳ್ಳುತ್ತಿದ್ದೇನೆ.

ಅವನೂ ನಿನ್ನಷ್ಟೇ ಹೇಳಿದ. ಇಬ್ಬರ ಮಾತೂ ಒಂದೇ ಆಗಿತ್ತು; ಒಬ್ಬರನ್ನೊಬ್ಬರು ದೂರದೆ ಬೇರೆಯಾಗುವವರನ್ನು ನಾನು ಇದೇ ಮೊದಲು ನೋಡಿದ್ದು. ಆಮೇಲೆ ಕಾಗದದ ಮಾತೆತ್ತಿದೆ. ‘ಅವಳು ಕೇಳಲೇ ಇಲ್ಲ ಅಪ್ಪಾ’ ಎಂದ.

‘ಕೇಳದೇ ಇರೋದು ಅವಳ ಸ್ವಭಾವ. ಕೇಳದಿದ್ರೂ ಕೊಡೋದು ನಿನ್ನ ಕೆಲಸ’ ಎಂದೆ.

ಮರುದಿನವೇ ಆಫೀಸಿನಲ್ಲಿ ಕೇಳಿದ್ದಾನೆ. ಒಳಗೆ ಒಂದು ಸಾಲು ಬರೆದಿಡು ಎಂದು ನಾನು ಹೇಳಿದ್ದೆ. ನಾಲ್ಕು ಸಲ ಬರೆದು ಹರಿದೆ, ಯಾವುದೂ ಸರಿಹೋಗಲಿಲ್ಲ ಎಂದು ಫೋನಿನಲ್ಲಿ ಹೇಳಿದ. ಅದು ಅವಸರವಲ್ಲ.

ಇನ್ನೊಂದು ಹೇಳುವುದಿದೆ. ವಾಪಸು ಬರುವ ಮುಂಚೆ ಕೇಳಿಕೊಂಡು ಕೇಳಿಕೊಂಡು ಈಜುಕೊಳದ ಹತ್ತಿರ ಹೋಗಿದ್ದೆ. ನೀನು ಮೂರನೆಯ ಅಟ್ಟಣೆಯ ಮೇಲಿದ್ದೆ, ಸೊಂಟಕ್ಕೆ ಬೆಲ್ಟು ಇತ್ತು, ಅದನ್ನು ನೋಡಿ ಸಮಾಧಾನವಾಯಿತು. ನೀರಿಗೆ ಧುಮುಕುತ್ತಿರುವ ಹೆಂಗಸಿನ ಕೈ ಬರೆಯುತ್ತಿದ್ದೆ. ರಸ್ತೆಯ ಆಚೆಗೆ ಹೋಗಿ ನಿಂತು ನೋಡಿದೆ. ನೀನು ಹೇಳಿದ್ದು ನಿಜ, ದೂರದಿಂದ ಸರಿಯಾಗಿತ್ತು. ಕೂಗಲಿಲ್ಲ. ಎತ್ತರದಲ್ಲಿ ಇರುವವರನ್ನು ಕೆಳಗಿನಿಂದ ಕೂಗಬಾರದು.

ಅರ್ಜಿ ಕೊಟ್ಟೆಯಾ? ಅದನ್ನು ಮೊದಲು ಬರೆ.

ಮಾವ


ಮೇ 19

ಮಾವ,

ಕೊಟ್ಟೆ. ಒಪ್ಪಿಕೊಂಡರು. ಪಾಲಿಸಿ ಕೈಗೆ ಬಂದಿದೆ. ಖಂಡಿತ ಸಾಹೇಬರಿಗೆ ಇದರಲ್ಲಿ ಕಮಿಷನ್ ಇಲ್ಲ, ಆದರೂ ಬಂದು ಓದಿ ನೋಡಿ, ‘ಈ ದಾರಿ ನನಗೇ ಗೊತ್ತಿರಲಿಲ್ಲ ಮೇಡಂ’ ಎಂದು ಟಿಪ್ಪಣಿ ಮಾಡಿಕೊಂಡು ಹೋದರು. ಹಾಡುವವರಿಗೂ ತಿಳಿಸಿದೆ. ಆದರೆ ಬದಲಾಯಿಸಿಕೊಳ್ಳಲು ಅವರಿಗೆ ಹಳೆಯ ಪಾಲಿಸಿಯೇ ಇರಲಿಲ್ಲ. ಮೊದಲಿನಿಂದಲೇ ಶುರು ಮಾಡುತ್ತಾರೆ. ಕಾಯುವ ಅವಧಿ ಮುಗಿಯುವವರೆಗೆ ಐಸ್ ಮುಟ್ಟುವುದಿಲ್ಲವಂತೆ.

ಎತ್ತರದ ಕೆಲಸಕ್ಕೆ ಒಂದಿಷ್ಟು ಹೆಚ್ಚು ಹಾಕಿದ್ದಾರೆ. ಇರಲಿ, ಎತ್ತರ ನನ್ನದೇ.

ಪುಸ್ತಿಕೆಯಲ್ಲಿ ಕುಟುಂಬ ಎಂಬುದಕ್ಕೂ ಅರ್ಥವಿದೆ. ಗಂಡ ಅಥವಾ ಹೆಂಡತಿ, ಮಕ್ಕಳು, ತಂದೆ ತಾಯಿ, ಗಂಡ ಅಥವಾ ಹೆಂಡತಿಯ ತಂದೆ ತಾಯಿ. ಅಲ್ಲಿಗೆ ಮುಗಿಯಿತು. ಎರಡು ಸಲ ಓದಿದೆ. ಕೋರ್ಟಿನ ತೀರ್ಪು ಬಂದ ಮೇಲೆ ನಾನು ಅದರ ಯಾವ ಸಾಲಿನಲ್ಲೂ ಇರುವುದಿಲ್ಲ. ಅಪ್ಪ ಅಮ್ಮ ಹೋಗಿ ಎಷ್ಟೋ ವರ್ಷವಾಯಿತು.

ತುರ್ತು ಬಂದರೆ ಯಾರಿಗೆ ಫೋನ್ ಮಾಡಬೇಕು ಎಂದು ಕೇಳಿದ್ದರು. ನಿಮ್ಮ ಕ್ಲಿನಿಕ್ಕಿನ ನಂಬರು ಕೊಟ್ಟಿದ್ದೇನೆ. ನಿಮ್ಮನ್ನು ಕೇಳದೆ ಕೊಟ್ಟೆ. ಫೋನು ಬಂದರೆ ಮಾತ್ರ ದಯವಿಟ್ಟು ಅತ್ತೆ ಎತ್ತಲಿ.

ಚಿತ್ರ ಮುಗಿಯಿತು. ನೀವು ಬಂದಿದ್ದಿರಿ ಎಂದು ತಿಳಿದ ಮೇಲೆ ರಸ್ತೆಯ ಆಚೆ ಹೋಗಿ ನಿಂತು ನಾನೂ ನೋಡಿದೆ.

ನಾನು


ಆಗಸ್ಟ್ 21

ಮಗಳೇ,

ಕಲ್ಲು ತೆಗೆದ ಹೊಲಿಗೆ ಒಣಗಿತೇ? ನೀರು ತಾಗಿಸಬೇಡ. ಇನ್ನೊಂದು ತಿಂಗಳು ಏಣಿಯ ಕಡೆ ತಿರುಗಿ ನೋಡಬೇಡ. ನಿಮ್ಮ ಅತ್ತೆ ನಿನ್ನ ಕೋಣೆಯಿಂದ ವಾಪಸು ಬಂದ ಮೇಲೆ, ಸೈಕಲ್ ಅಂಗಡಿಯವರು ಒಳ್ಳೆಯವರು ಎನ್ನುವುದನ್ನು ಬಿಟ್ಟು ಬೇರೆ ಮಾತಾಡಿಲ್ಲ. ಮೆಟ್ಟಿಲು ಹತ್ತಲು ತನ್ನನ್ನು ಕುರ್ಚಿಯಲ್ಲಿ ಕೂರಿಸಿ ಎತ್ತಿದರಂತೆ. ಈಗ ನಮ್ಮ ಮನೆಯ ಮೆಟ್ಟಿಲಿಗೂ ಅದೇ ಬೇಕಂತೆ.

ಆಸ್ಪತ್ರೆಯ ಬಿಲ್ಲಿನ ಬಗ್ಗೆ ಕಂಪನಿಯಿಂದ ತಕರಾರು ಬರಲಿಲ್ಲ ಎಂದು ಬಿಲ್ಲೆ ಆಫೀಸರಿಗೆ ಹೇಳಿದೆ. ಒಂದು ಗುಲಾಬಿ ಗಿಡ ಕೊಟ್ಟು ಕಳಿಸಿದರು. ಮಗ ಎರಡು ಸಲ ಫೋನ್ ಮಾಡಿ ಕೇಳಿದ. ನೀನು ಚೆನ್ನಾಗಿದ್ದೀಯ ಎಂದೆ. ‘ಸರಿ ಅಪ್ಪಾ’ ಎಂದ.

ಎಚ್ಚರವಾದ ಕೂಡಲೇ ನೀನು ಒಂದು ಪ್ರಶ್ನೆ ಕೇಳಿದೆ. ‘ನಿಮ್ಮನ್ನು ಹೇಗೆ ಒಳಗೆ ಬಿಟ್ಟರು?’ ಎಂದು. ನಾಲಿಗೆ ಹೊರಳುತ್ತಿರಲಿಲ್ಲ, ಆದರೂ ಕೇಳಿದೆ. ಆಮೇಲೆ ಹೇಳುತ್ತೇನೆ ಎಂದಿದ್ದೆ. ಹೇಳಲು ಆಗಿರಲಿಲ್ಲ, ನಿಮ್ಮ ಅತ್ತೆ ಇದ್ದಲ್ಲಿ ನನ್ನ ಸರದಿ ಬರುವುದಿಲ್ಲ.

ನೀನು ನೋವಿನಿಂದ ಆಸ್ಪತ್ರೆಗೆ ಸೇರಿದ್ದೀಯ ಎಂದು ಫೋನು ಬಂದದ್ದು ಕ್ಲಿನಿಕ್ಕಿಗೆ. ಎತ್ತಿದ್ದು ಅತ್ತೆಯೇ. ನಾವು ತಲುಪುವ ಹೊತ್ತಿಗೆ ನಿನ್ನನ್ನು ಒಳಗೆ ಕರೆದುಕೊಂಡು ಹೋಗಿದ್ದರು. ಕೌಂಟರಿನಲ್ಲಿ ಕನ್ನಡಕ ಹಾಕಿದ ಹುಡುಗಿಯೊಬ್ಬಳು ಇದ್ದಳು. ಶಸ್ತ್ರಚಿಕಿತ್ಸೆ ಆದ ಮೇಲೆ ಕೋಣೆಯೊಳಗೆ ಹತ್ತಿರದ ಸಂಬಂಧಿಕರಲ್ಲಿ ಒಬ್ಬರನ್ನು ಮಾತ್ರ ಬಿಡುತ್ತೇವೆ ಎಂದಳು. ‘ನೀವು ಹೋಗಿ’ ಎಂದು ಅತ್ತೆ ನನ್ನನ್ನು ಮುಂದೆ ತಳ್ಳಿ, ತಾನು ಬೆಂಚಿನ ಮೇಲೆ ಕೂತು ಕಣ್ಣು ಮುಚ್ಚಿಕೊಂಡಳು.

ಹುಡುಗಿ ಕೇಳಿದಳು, ‘ಪೇಷಂಟಿಗೆ ನೀವು ಏನಾಗಬೇಕು?’

ನೋಡು, ಎಷ್ಟು ಸಲ ಈ ಮಾತನ್ನು ಆಡಿದ್ದೇನೆ, ಕೇಳಿದ್ದೇನೆ. ಅದೊಂದು ಪ್ರಶ್ನೆ ಎಂದು ಎಂದೂ ಅನ್ನಿಸಿರಲಿಲ್ಲ. ಜುಲೈನಲ್ಲಿ ಕೋರ್ಟಿನ ತೀರ್ಪು ಬಂದಿತ್ತು. ಏನೂ ಮುಚ್ಚಿಡಬಾರದು ಎಂದು ನಿನಗೆ ಉಪದೇಶ ಮಾಡಿದವನು ನಾನೇ. ಸುಳ್ಳು ಹೇಳುವುದಿಲ್ಲ ಎಂದು ತೀರ್ಮಾನಿಸಿದೆ. ನಿಜವಾಗಿಯೂ ನಾನು ನಿನಗೆ ಏನಾಗಬೇಕು? ಯೋಚಿಸಿದೆ. ಉತ್ತರ ಬಂತು.

‘ಮಾವ’ ಎಂದೆ.

‘ಸೋದರಮಾವನಾ, ಗಂಡನ ತಂದೆಯಾ?’

‘ಅದಕ್ಕೆ ನಿಮ್ಮಲ್ಲಿ ಬೇರೆ ಬೇರೆ ಜಾಗ ಇದೆಯಾ?’

ಅವಳು ಕಂಪ್ಯೂಟರನ್ನು ಮೇಲೆ ಕೆಳಗೆ ನೋಡಿದಳು. ‘ಇಲ್ಲ’ ಎಂದಳು.

‘ಹಾಗಾದ್ರೆ ಅಷ್ಟೇ ಬರೀರಿ.’

ಬರೆದಳು. ಬರೆದು, ‘ಹೋಗಿ ಹತ್ತಿರ ಕೂತ್ಕೊಳ್ಳಿ ಸರ್, ಎಚ್ಚರ ಆದಾಗ ಯಾರಾದ್ರೂ ಮನೆಯವರು ಕಾಣಬೇಕು’ ಎಂದು ಬಾಗಿಲು ತೋರಿಸಿದಳು.

ಹೀಗೆ ಬಿಟ್ಟರು.

ಮಾವ